ಅರಳಿ ಎಲೆಯ ಅಚ್ಚು, ಪಂಚಾಂಗದ ಹಾಳೆ: ಠಸ್ಸೆ ಮತ್ತು ಅಕ್ರಿಲಿಕ್ ಬಣ್ಣಗಳ ಮಿಶ್ರ ಮಾಧ್ಯಮ ಚಿತ್ರ

ರಬ್ಬರ್ ಠಸ್ಸೆಗೂ ಅಕ್ರಿಲಿಕ್ ಬಣ್ಣಕ್ಕೂ ಮೂಲದಲ್ಲಿ ಅಷ್ಟಾಗಿ ಹೊಂದಿಕೆಯಿಲ್ಲ. ಠಸ್ಸೆಗೆ ಬೇಕಾದುದು ಕೆಲಹೊತ್ತು ಹಸಿಯಾಗಿಯೇ ಉಳಿಯುವ ಮಸಿ. ಅಕ್ರಿಲಿಕ್ ಬಣ್ಣವಾದರೋ ತನ್ನಲ್ಲಿರುವ ನೀರು ಆರಿದೊಡನೆ ಪ್ಲಾಸ್ಟಿಕ್ಕಿನ ತೆಳುಪೊರೆಯಾಗಿ ಬಿಗಿದುಕೊಳ್ಳುತ್ತದೆ, ಆಮೇಲೆ ಎಷ್ಟು ನೀರು ಸುರಿದರೂ ಕರಗುವುದಿಲ್ಲ. ಒಂದು ಪದರದ ಮೇಲೆ ಇನ್ನೊಂದನ್ನು ಧೈರ್ಯವಾಗಿ ಹಾಕಬಹುದಾದುದು ಈ ಗುಣದಿಂದಲೇ, ಠಸ್ಸೆಯ ಸಂದುಗಳಲ್ಲಿ ಬಣ್ಣ ಕಚ್ಚಿಕೊಂಡು ಅದು ಕೆಲಸಕ್ಕೆ ಬಾರದಂತಾಗುವುದೂ ಈ ಗುಣದಿಂದಲೇ. ಹಾಗಾಗಿ ಇಲ್ಲಿ ಕೈಚಳಕಕ್ಕಿಂತ ಹೆಚ್ಚಾಗಿ ಬೇಕಾದುದು ಯಾವುದು ಒಣಗಿದೆ, ಯಾವುದು ಇನ್ನೂ ಹಸಿಯಾಗಿದೆ ಎಂಬ ಎಚ್ಚರ. ಎ5 ಅಳತೆಯ, ಅಂದರೆ 148 × 210 ಮಿಲಿಮೀಟರಿನ ಒಂದು ಚಿತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಕ್ರಮವನ್ನು ವಿವರಿಸುತ್ತೇನೆ.

ತಳಕ್ಕೆ 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ ಜಲವರ್ಣದ ಕಾಗದ ಒಳ್ಳೆಯದು. ಶಾಲೆಯ ಡ್ರಾಯಿಂಗ್ ಹಾಳೆಯು ಅಂಟು ತಗುಲಿದೊಡನೆ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಕಾಗದದ ನಾಲ್ಕೂ ಅಂಚುಗಳನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿ, ಒಂದು ಕೈ ಜೆಸ್ಸೋ, ಅಂದರೆ ಬಣ್ಣ ಹಿಡಿಯಲೆಂದು ತಳಕ್ಕೆ ಬಳಿಯುವ ಬಿಳಿಯ ಲೇಪ, ಬಳಿದು ಒಣಗಲು ಬಿಡಿ. ಜೆಸ್ಸೋ ಇಲ್ಲದಿದ್ದರೆ ಬಿಳಿಯ ಅಕ್ರಿಲಿಕ್ಕನ್ನೇ ಸ್ವಲ್ಪ ನೀರು ಬೆರೆಸಿ ಬಳಿಯಬಹುದು, ಆದರೆ ಜೆಸ್ಸೋದ ಸಣ್ಣ ಒರಟು ಅದರಲ್ಲಿ ಬರುವುದಿಲ್ಲ. ಬಣ್ಣಗಳು ನಾಲ್ಕು ಸಾಕು: ಯೆಲ್ಲೋ ಓಕರ್ (ಮಣ್ಣಿನ ಹಳದಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಪ್ರಷ್ಯನ್ ಬ್ಲೂ (ಗಾಢ ನೀಲಿ) ಮತ್ತು ಬಿಳಿ. ಹತ್ತು ಬಣ್ಣದ ಡಬ್ಬಿ ಕೊಂಡವರು ಹತ್ತನ್ನೂ ಬಳಸಿ ಕೊನೆಗೆ ಕೆಸರಿನ ಬಣ್ಣಕ್ಕೆ ಬಂದು ನಿಲ್ಲುವುದೇ ಹೆಚ್ಚು.

ಮೊದಲ ಪದರ ಕಾಗದದ ಚೂರುಗಳದ್ದು. ಹೋದ ವರ್ಷದ ಪಂಚಾಂಗದ ಹಾಳೆ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ತಿಥಿ, ನಕ್ಷತ್ರಗಳ ಒತ್ತಾದ ಅಕ್ಷರಗಳು ದೂರದಿಂದ ನೇಯ್ಗೆಯಂತೆ ಕಾಣುತ್ತವೆ. ಹಾಳೆಯನ್ನು ಕತ್ತರಿಸದೆ ಕೈಯಿಂದ ಹರಿಯಿರಿ, ಹರಿದ ಅಂಚು ಹಿನ್ನೆಲೆಯಲ್ಲಿ ಸುಲಭವಾಗಿ ಬೆರೆಯುತ್ತದೆ. ಮ್ಯಾಟ್ ಮೀಡಿಯಮ್ (ಅಂಟಿನಂತೆಯೂ ಬಳಸಬಹುದಾದ, ಹೊಳಪಿಲ್ಲದ, ಬಣ್ಣವಿಲ್ಲದ ಅಕ್ರಿಲಿಕ್) ಅಥವಾ ಸ್ವಲ್ಪ ನೀರು ಬೆರೆಸಿದ ಫೆವಿಕಾಲನ್ನು ಚೂರಿನ ಕೆಳಗೂ ಮೇಲೂ ಸವರಿ, ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ಹೋದರೆ ಗಾಳಿಯ ಗುಳ್ಳೆಗಳು ಹೊರಬೀಳುತ್ತವೆ. ಅಜ್ಜಿಯ ಕಾಗದದಂತಹ ಅಮೂಲ್ಯ ವಸ್ತುವಿದ್ದರೆ ಮೂಲವನ್ನು ಹರಿಯಬೇಡಿ, ಜೆರಾಕ್ಸ್ ಮಾಡಿಸಿಕೊಳ್ಳಿ. ಜೆರಾಕ್ಸಿನ ಟೋನರ್ ಅಂಟಿನ ನೀರಿಗೆ ಹರಡುವುದಿಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರಿನ ಅಕ್ಷರಗಳು ಸಾಮಾನ್ಯವಾಗಿ ಹರಡಿಬಿಡುತ್ತವೆ.

ಅಂಟು ಪೂರ್ತಿ ಆರಿದ ಮೇಲೆ ಯೆಲ್ಲೋ ಓಕರನ್ನು ನೀರಾಗಿಸಿ ತೆಳುವಾಗಿ ಬಳಿದು, ಹಸಿಯಾಗಿರುವಾಗಲೇ ಹಳೆಯ ಹತ್ತಿಬಟ್ಟೆಯಿಂದ ಅಲ್ಲಲ್ಲಿ ಒರೆಸಿ ತೆಗೆಯಿರಿ. ಅಕ್ಷರಗಳು ಅರ್ಧ ಮುಚ್ಚಿ ಅರ್ಧ ಕಾಣುವಂತಿದ್ದರೆ ಸರಿ. ಹೇರ್ ಡ್ರೈಯರನ್ನು ಬಳಸಬಹುದು, ಆದರೆ ಒಂದಡಿಯಷ್ಟು ದೂರದಿಂದ. ಹತ್ತಿರ ಹಿಡಿದರೆ ಮೇಲ್ಪೊರೆ ಮೊದಲು ಬಿಗಿದು ಕೆಳಗಿನ ಅಂಟು ಬೊಬ್ಬೆ ಏಳುತ್ತದೆ.

ಇನ್ನು ಠಸ್ಸೆ. ಅಂಗಡಿಯಲ್ಲಿ ಸಿದ್ಧವಾದವು ಸಿಗುತ್ತವೆಯಾದರೂ ಒಂದನ್ನಾದರೂ ಸ್ವತಃ ಕೆತ್ತಿಕೊಳ್ಳುವುದು ಮೇಲು, ಅದಕ್ಕೆ ಪೆನ್ಸಿಲ್ ಅಳಿಸುವ ದೊಡ್ಡ ರಬ್ಬರೇ ಸಾಕು. ಅರಳಿ ಎಲೆಯ ಚಿತ್ರವನ್ನು ಬಟರ್ ಪೇಪರಿನ ಮೇಲೆ 4ಬಿ ಪೆನ್ಸಿಲಿನಿಂದ ಬರೆದು, ಬರೆದ ಮುಖವನ್ನು ರಬ್ಬರಿನ ಮೇಲೆ ಕವುಚಿ ಬೆರಳಿನಿಂದ ಉಜ್ಜಿದರೆ ಚಿತ್ರವು ತಿರುವುಮುರುವಾಗಿ ಮೂಡುತ್ತದೆ, ಠಸ್ಸೆಯನ್ನು ಒತ್ತಿದಾಗ ಮತ್ತೆ ನೇರವಾಗುತ್ತದೆ. ಎಲೆಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಅಕ್ಷರಕ್ಕಾದರೆ ಇದೇ ಸರ್ವಸ್ವ. ಮೊದಲ ಸಲ ನಾನು ‘ಶ್ರೀ’ಯನ್ನು ನೇರವಾಗಿ ರಬ್ಬರಿನ ಮೇಲೆಯೇ ಬರೆದು ಒಂದು ಸಂಜೆಯೆಲ್ಲ ಕೆತ್ತಿದೆ, ಒತ್ತಿ ನೋಡಿದಾಗ ಅದನ್ನು ಓದಲು ಕನ್ನಡಿ ಬೇಕಾಯಿತು. ಕೆತ್ತುವಾಗ ಲೈನೋ ಕಟರನ್ನು (ಅಚ್ಚು ಕೆತ್ತುವ ಸಣ್ಣ ಉಳಿಯನ್ನು) ಗೆರೆಯಿಂದ ಹೊರಕ್ಕೆ ಓರೆಯಾಗಿ ಹಿಡಿಯಬೇಕು. ಗೆರೆಯ ಅಡಿಗೆ ಕೊರೆದರೆ ಬುಡ ಸಣ್ಣಗಾಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ಅದು ಮಡಚಿಕೊಳ್ಳುತ್ತದೆ. ಆಳ ಎರಡು ಮಿಲಿಮೀಟರ್ ಇದ್ದರೆ ಸಾಕು, ತಿರುವುಗಳಲ್ಲಿ ಕಟರಿನ ಬದಲು ರಬ್ಬರನ್ನು ತಿರುಗಿಸಿ. ಅರಳಿ ಎಲೆಯ ನೀಳವಾದ ತುದಿಯನ್ನು ನಿಜಕ್ಕಿಂತ ಸ್ವಲ್ಪ ದಪ್ಪವಾಗಿಯೇ ಬಿಡಿ. ಸಿದ್ಧವಾದ ಠಸ್ಸೆಯನ್ನು ಕಾಗದದಲ್ಲಿ ಸುತ್ತಿ ಇಡಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಗೆಯೇ ಇಟ್ಟರೆ ಇಂತಹ ರಬ್ಬರು ಡಬ್ಬಿಗೇ ಕರಗಿ ಅಂಟಿಕೊಳ್ಳುವುದುಂಟು.

ಠಸ್ಸೆಯನ್ನು ಬಣ್ಣದಲ್ಲಿ ಅದ್ದಬಾರದು. ಪ್ರಷ್ಯನ್ ಬ್ಲೂ ಬಣ್ಣವನ್ನು ನೀರು ಬೆರೆಸದೆ ತಟ್ಟೆಯ ಮೇಲೆ ತೆಳುವಾಗಿ ಹರಡಿ, ಮೇಕಪ್ ಸ್ಪಂಜಿನಿಂದ ಎತ್ತಿಕೊಂಡು ಠಸ್ಸೆಯ ಉಬ್ಬುಗೆರೆಗಳ ಮೇಲೆ ಮಾತ್ರ ತಟ್ಟಿರಿ. ಬೇಸಿಗೆಯಲ್ಲಿ ಫ್ಯಾನ್ ನಿಲ್ಲಿಸುವುದು ಅಗತ್ಯ. ಇಲ್ಲವಾದರೆ ಬಣ್ಣ ತಟ್ಟಿ ಒತ್ತುವುದರೊಳಗೆ ಅರ್ಧ ಒಣಗಿರುತ್ತದೆ. ಬಣ್ಣ ಒಣಗುವುದನ್ನು ನಿಧಾನಿಸುವ ರಿಟಾರ್ಡರಿನ ಒಂದು ಹನಿ ಬೆರೆಸಿದರೆ ಸ್ವಲ್ಪ ಬಿಡುವು ಸಿಗುತ್ತದೆ. ಮೊದಲ ಒಂದೆರಡು ಅಚ್ಚುಗಳನ್ನು ಹಳೆಯ ಪತ್ರಿಕೆಯ ಮೇಲೆ ಒತ್ತಿ ನೋಡಿ, ಆಮೇಲೆ ಚಿತ್ರದ ಮೇಲೆ ಠಸ್ಸೆಯನ್ನು ನೇರವಾಗಿ ಇಳಿಸಿ, ಅಲುಗಿಸದೆ ಅಂಗೈಯಿಂದ ಒತ್ತಿ, ನೇರವಾಗಿಯೇ ಎತ್ತಿರಿ. ಕಚೇರಿಯಲ್ಲಿ ಮೊಹರು ಹಾಕುವ ರಭಸ ಇಲ್ಲಿ ಸಲ್ಲದು. ಕೆಲವು ಎಲೆಗಳು ಅಂಚಿನಾಚೆ ಅರ್ಧ ಹೋಗಲಿ, ಒಂದೆರಡನ್ನು ಮತ್ತೆ ಬಣ್ಣ ಹಚ್ಚದೆ ಮಸುಕಾಗಿಯೇ ಒತ್ತಿ. ಎಲ್ಲವೂ ಒಂದೇ ಗಾಢತೆಯಲ್ಲಿ ಸಾಲಾಗಿ ನಿಂತರೆ ಅದು ಉಡುಗೊರೆ ಸುತ್ತುವ ಕಾಗದವಾಗುತ್ತದೆ.

ಒತ್ತಿ ಮುಗಿದ ತಕ್ಷಣ ಠಸ್ಸೆಯನ್ನು ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಮುಖ ಕೆಳಗಾಗಿ ಇಡಿ. ಫೋನ್ ಬಂದರೂ ಮೊದಲು ಇದು. ಬಳಿಕ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿ ತೊಳೆಯಿರಿ. ಮರದ ಹಿಡಿಯ ಠಸ್ಸೆಯನ್ನು ನೀರಿನಲ್ಲಿ ನೆನೆಹಾಕಿದರೆ ಅಂಟು ಬಿಟ್ಟುಕೊಳ್ಳುತ್ತದೆ. ಒಣಗಿ ಕಚ್ಚಿಕೊಂಡ ಬಣ್ಣವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಸಡಿಲಿಸಬಲ್ಲದು, ಆದರೆ ಗಂಧಕದೊಂದಿಗೆ ಕಾಯಿಸಿ ಗಟ್ಟಿಗೊಳಿಸಿದ ನಿಜವಾದ ರಬ್ಬರು ಮಾತ್ರ ಅದನ್ನು ತಾಳಿಕೊಳ್ಳುತ್ತದೆ. ಪಾರದರ್ಶಕ ಪಾಲಿಮರ್ ಠಸ್ಸೆಗಳಿಗೂ ನಾವು ಕೆತ್ತಿದ ಅಳಿಸುವ ರಬ್ಬರಿಗೂ ಅದನ್ನು ತಾಗಿಸದಿರುವುದು ಕ್ಷೇಮ.

ಠಸ್ಸೆಗೆ ಇನ್ನೊಂದು ಉಪಯೋಗವಿದೆ. ಒಂದು ಮೂಲೆಯಲ್ಲಿ ಬಿಳಿಗೆ ಸ್ವಲ್ಪ ಬರ್ನ್ಟ್ ಸಿಯೆನ್ನಾ ಬೆರೆಸಿ ತೆಳುವಾಗಿ ಬಳಿದು, ಅದು ಹಸಿಯಾಗಿರುವಾಗಲೇ ತೊಳೆದು ತುಸು ತೇವವಾಗಿರುವ ಠಸ್ಸೆಯನ್ನು ಒತ್ತಿ ಎತ್ತಿದರೆ, ಆ ಭಾಗದ ಬಣ್ಣ ಠಸ್ಸೆಗೆ ಬಂದು ಕೆಳಗಿನ ಪಂಚಾಂಗದ ಅಕ್ಷರಗಳು ಎಲೆಯ ಆಕಾರದಲ್ಲಿ ಹಣಿಕುತ್ತವೆ. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದ ಘಟ್ಟ ಇದೇ. ಕೆಳಗಿನ ಪದರ ಪೂರ್ತಿ ಒಣಗಿರದಿದ್ದರೆ ಮಾತ್ರ ಅದೂ ಜೊತೆಗೆ ಎದ್ದು ಬರುತ್ತದೆ.

ಕಚೇರಿಯ ಸ್ಟ್ಯಾಂಪ್ ಪ್ಯಾಡನ್ನು ಒಣಗಿದ ಅಕ್ರಿಲಿಕ್ಕಿನ ಮೇಲೆ ಬಳಸುವ ಆಸೆಯಾಗುತ್ತದೆ, ಆದರೆ ಪ್ಲಾಸ್ಟಿಕ್ ಪೊರೆಯು ಮಸಿಯನ್ನು ಹೀರಿಕೊಳ್ಳದ ಕಾರಣ ಮರುದಿನವೂ ಅದು ಕೈಗೆ ಅಂಟೀತು. ಸಣ್ಣ ಗೆರೆಗಳ ಠಸ್ಸೆಗೆ ಮಸಿಯೇ ಬೇಕೆಂದಾದರೆ ಹೀರದ ಮೇಲ್ಮೈಗೆಂದು ತಯಾರಿಸಿದ ಶಾಶ್ವತ ಮಸಿಯ ಪ್ಯಾಡನ್ನು ಕೊಳ್ಳಿ. ಎಲೆಯ ನರಗಳನ್ನು ಬಿಳಿ ಜೆಲ್ ಪೆನ್ನಿನಿಂದ ತಿದ್ದಿ, ಎರಡು ಮೂರು ದಿನ ಬಿಟ್ಟು ಮ್ಯಾಟ್ ವಾರ್ನಿಶನ್ನು ತೆಳುವಾಗಿ ಬಳಿಯಿರಿ; ಜೆಲ್ ಪೆನ್ನಿನ ಗೆರೆ ಕುಂಚಕ್ಕೆ ಹರಡಬಹುದಾದ್ದರಿಂದ ಬೇರೊಂದು ಚೂರಿನ ಮೇಲೆ ಮೊದಲು ಪರೀಕ್ಷಿಸಿ. ಅಕ್ರಿಲಿಕ್ ಚಿತ್ರಗಳು ಮುಖಕ್ಕೆ ಮುಖ ತಾಗಿದರೆ ಸೆಕೆಗೆ ಅಂಟಿಕೊಳ್ಳುವುದರಿಂದ, ಒಂದರ ಮೇಲೊಂದು ಇಡುವಾಗ ನಡುವೆ ಬಟರ್ ಪೇಪರ್ ಇರಲಿ. ಮಾಸ್ಕಿಂಗ್ ಟೇಪನ್ನು ಕೊನೆಯಲ್ಲಿ, ಚಿತ್ರದಿಂದ ಹೊರಮುಖವಾಗಿ, ಕಾಗದಕ್ಕೆ ಒರಗಿದಂತೆ ಹಿಡಿದು ನಿಧಾನವಾಗಿ ಎಳೆಯಿರಿ.