ಮದುವೆಯೊಳಗೇ ದೊಡ್ಡವರಾದ ನಾವಿಬ್ಬರು

ಮದುವೆಯಾದಾಗ ನನಗೆ 21, ಅವನಿಗೆ 23. ಮೂವತ್ತು ದಾಟುವ ಹೊತ್ತಿಗೆ ನಮ್ಮ ನಡುವೆ ಜಗಳ ಕೂಡ ಉಳಿದಿರಲಿಲ್ಲ. ಜಗಳವಾಡುವ ಗಂಡ ಹೆಂಡಿರಿಗೆ ಬುದ್ಧಿ ಹೇಳಲು ನೆಂಟರಿಷ್ಟರು ಸಾಲುಗಟ್ಟಿ ಬರುತ್ತಾರೆ. ಸದ್ದಿಲ್ಲದೆ ದೂರವಾಗುವವರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮನೆಯೇನೋ ಅಚ್ಚುಕಟ್ಟಾಗಿ ನಡೆಯುತ್ತಿತ್ತು. ಮಗಳನ್ನು ಶಾಲೆಯಿಂದ ಯಾರು ಕರೆತರುವುದು, ವಿದ್ಯುತ್ ಬಿಲ್ ಕಟ್ಟಿದ್ದಾಯಿತೇ, ನಾಳೆ ಕಚೇರಿಯಿಂದ ಬರುವುದು ತಡವೇ, ದಿನದ ಮಾತು ಇಷ್ಟರಲ್ಲೇ ಮುಗಿಯುತ್ತಿತ್ತು. ಇದರಾಚೆಗೆ ಏನಾದರೂ ಹೇಳಿಕೊಳ್ಳಬೇಕೆನಿಸಿದರೆ ಅವನು ಗೆಳೆಯನಿಗೆ ಫೋನ್ ಮಾಡುತ್ತಿದ್ದ, ನಾನು ತಂಗಿಗೆ.

ಇದಕ್ಕೆ ಎಲ್ಲರ ಬಳಿಯೂ ಸಿದ್ಧ ಉತ್ತರವೊಂದಿತ್ತು: "ಚಿಕ್ಕ ವಯಸ್ಸಿನ ಮದುವೆ, ಇಬ್ಬರೂ ಬದಲಾದಿರಿ." ಅದರಲ್ಲಿ ಹುರುಳಿಲ್ಲ ಎನ್ನಲಾರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಅಂಕಿಅಂಶ ಕೇಂದ್ರದ 2002ರ ವರದಿಯಂತೆ, 18 ತುಂಬುವ ಮೊದಲೇ ಮದುವೆಯಾದ ಹೆಣ್ಣುಮಕ್ಕಳ ಮೊದಲ ಮದುವೆಗಳಲ್ಲಿ ಶೇ 48ರಷ್ಟು ಹತ್ತು ವರ್ಷದೊಳಗೆ ಮುರಿದಿದ್ದವು. 25 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಮದುವೆಯಾದವರಲ್ಲಿ ಈ ಪ್ರಮಾಣ ಶೇ 24. ಮನುಷ್ಯನ ಸ್ವಭಾವ ಹೆಚ್ಚು ಬದಲಾಗುವುದು ಹದಿಹರೆಯದಲ್ಲಲ್ಲ, 20ರಿಂದ 40ರ ನಡುವೆ ಎಂದು ಮನಶ್ಶಾಸ್ತ್ರಜ್ಞ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದಾರೆ. ನಾವು ಮದುವೆಯಾದದ್ದು ಆ ಅವಧಿಯ ಬಾಗಿಲಲ್ಲೇ.

ಆದರೆ "ಬದಲಾದಿರಿ" ಎನ್ನುವುದು ವರದಿಯಾಯಿತೇ ಹೊರತು ಕಾರಣವಾಗಲಿಲ್ಲ. ಮೂವತ್ತಕ್ಕೆ ಮದುವೆಯಾದವರೂ ನಲವತ್ತಕ್ಕೆ ಬದಲಾಗುತ್ತಾರೆ. ನಮಗೆ ಕಾರಣ ತಿಳಿದದ್ದು ದಾಂಪತ್ಯ ಸಮಾಲೋಚಕರೊಬ್ಬರ ಎದುರು ಕುಳಿತಾಗ. ಅಲ್ಲಿಗೆ ಹೋಗುವ ಮಾತನ್ನು ಮೊದಲು ಎತ್ತಿದ್ದು ಅವನು, ಎರಡು ವಾಕ್ಯಗಳಲ್ಲಿ, ನನ್ನ ಮುಖ ನೋಡದೆ. ಯಾವುದಕ್ಕೂ ಮೊದಲು ಮಾತೆತ್ತುವವನೇ ಅಲ್ಲ ಅವನು.

ಎರಿಕ್ ಎರಿಕ್ಸನ್ ಎಂಬ ಮನಶ್ಶಾಸ್ತ್ರಜ್ಞ ಬಾಳಿನ ಹಂತಗಳನ್ನು ವಿವರಿಸುವಾಗ "ನಾನು ಯಾರು" ಎಂಬ ಪ್ರಶ್ನೆಯನ್ನು ಹದಿಹರೆಯಕ್ಕೂ, ಇನ್ನೊಬ್ಬರೊಡನೆ ಬಾಳುವ ಆಪ್ತತೆಯನ್ನು ಅದರ ನಂತರಕ್ಕೂ ಇಟ್ಟಿದ್ದಾನೆ. ನಾವು ಆ ಕ್ರಮವನ್ನು ತಲೆಕೆಳಗು ಮಾಡಿದ್ದೆವು. ನಾನು ಯಾರೆಂದು ಗಟ್ಟಿಯಾಗುವ ಮೊದಲೇ ನಾನು ಅವನ ಹೆಂಡತಿಯಾಗಿದ್ದೆ. ಹಾಗಾಗಿ ನನ್ನ ಸ್ವಭಾವದ ಅರ್ಧ ಭಾಗ ಅವನನ್ನು ನೋಡಿಕೊಂಡೇ ರೂಪುಗೊಂಡಿತು. ಅವನು ನಿಧಾನಿ, ನಾನು ಚುರುಕಾದೆ. ನಾನು ಆತಂಕದವಳು, ಅವನು ಶಾಂತನಾದ. ಅವನ ಮೊದಲ ಕೆಲಸದ ಅರ್ಜಿ ಬರೆದದ್ದು ನಾನು. ಬಾಡಿಗೆ ಮನೆ ಹುಡುಕಿದ್ದು, ಸಾಲದ ಕಾಗದಗಳನ್ನು ಓದಿದ್ದು, ಡಾಕ್ಟರ ಬಳಿ ಪ್ರಶ್ನೆ ಕೇಳಿದ್ದು ಎಲ್ಲವೂ ನಾನೇ. ನಡುರಾತ್ರಿ ನನಗೆ ಎದೆ ಬಡಿದುಕೊಂಡಾಗ ಎದ್ದು ಕೂರುತ್ತಿದ್ದವನು ಅವನು. ಆಗ ಇದೇ ನಮ್ಮನ್ನು ದಡ ಮುಟ್ಟಿಸಿತು. ಈ ಹಂಚಿಕೆ ಇಲ್ಲದಿದ್ದರೆ ಮೊದಲ ಐದು ವರ್ಷಗಳನ್ನೇ ನಾವು ದಾಟುತ್ತಿರಲಿಲ್ಲ.

ಸಮಾಲೋಚಕರು ಹೇಳಿದ್ದಿಷ್ಟು: "ನೀವಿಬ್ಬರೂ ಒಬ್ಬರನ್ನೊಬ್ಬರು ಬೆಳೆಸಿದವರು. ಈಗ ಹದಿಹರೆಯದ ಮಕ್ಕಳು ತಂದೆ ತಾಯಿಗೆ ಹೇಳುವ 'ನನ್ನನ್ನು ಬಿಡಿ' ಎಂಬ ಮಾತನ್ನು ಒಬ್ಬರಿಗೊಬ್ಬರು ಹೇಳುತ್ತಿದ್ದೀರಿ." ಎಲನ್ ಬೇಡರ್ ಮತ್ತು ಪೀಟರ್ ಪಿಯರ್ಸನ್ ಎಂಬ ಚಿಕಿತ್ಸಕ ದಂಪತಿ ದಾಂಪತ್ಯದ ಬೆಳವಣಿಗೆಯನ್ನೂ ಹೀಗೆಯೇ ಹಂತಗಳಾಗಿ ನೋಡುತ್ತಾರೆಂದು ಆಮೇಲೆ ಓದಿ ತಿಳಿದೆ. ಮೊದಲು ಒಂದಾಗಿ ಬೆಸೆದುಕೊಳ್ಳುವ ಕಾಲ, ಅದರ ಬೆನ್ನಿಗೇ ಇಬ್ಬರೂ ಬೇರೆ ಬೇರೆ ಮನುಷ್ಯರಾಗಿ ಎದ್ದು ನಿಲ್ಲುವ ಕಾಲ. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ನನ್ನ ಗಂಡ ಬಡ್ತಿಯೊಂದನ್ನು ನನ್ನನ್ನು ಕೇಳದೆ ನಿರಾಕರಿಸಿದ್ದ. ಅದು ನನ್ನನ್ನೇ ನಿರಾಕರಿಸಿದಂತೆ ನನಗೆ ಕೇಳಿಸಿತ್ತು. ಅವನ ಪಾಲಿಗೆ ಅದು ಬದುಕಿನಲ್ಲಿ ತಾನಾಗಿ ಹೇಳಿದ ಮೊದಲ "ಬೇಡ".

ಕಾರಣ ತಿಳಿದ ಮಾತ್ರಕ್ಕೆ ಏನೂ ಸರಿಯಾಗುವುದಿಲ್ಲ. ನಾವು ಮಾಡಿದ ಕೆಲಸಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಒಂದು ಪಟ್ಟಿ. ಮನೆಗೆಲಸದ ಪಟ್ಟಿಯಲ್ಲ, ಅದು ಎಷ್ಟೋ ಮನೆಗಳಲ್ಲಿ ಇರುತ್ತದೆ. ಈ ಮದುವೆಯಲ್ಲಿ ನಾನು ಹೊತ್ತಿರುವ ಪಾತ್ರಗಳು ಯಾವುವು ಎಂದು ಇಬ್ಬರೂ ಬೇರೆ ಬೇರೆ ಕೂತು ಬರೆಯಬೇಕು. ಕೆಟ್ಟ ಸುದ್ದಿಯನ್ನು ಯಾರು ಹೇಳುತ್ತಾರೆ? ಬಂಧುಗಳ ಮುನಿಸನ್ನು ಯಾರು ತಣಿಸುತ್ತಾರೆ? ಯಾರು ಮೊದಲು ಹೆದರುತ್ತಾರೆ, ಯಾರು ಧೈರ್ಯ ತುಂಬುತ್ತಾರೆ? ಯಾರು ಕನಸು ಕಾಣುವವರು, ಯಾರು ಲೆಕ್ಕ ಹಾಕುವವರು? ಜನರೆದುರು ತಮಾಷೆ ಮಾಡುವವರು ಯಾರು? ಬರೆದ ಪ್ರತಿಯೊಂದರ ಮುಂದೆ "ಇಷ್ಟವಿದೆ", "ಸಾಕಾಗಿದೆ", "ನನ್ನದೆಂದು ಗೊತ್ತಿರಲಿಲ್ಲ" ಎಂಬ ಮೂರರಲ್ಲಿ ಒಂದನ್ನು ಗುರುತಿಸಬೇಕು.

ನಾನು "ಹಣದ ಲೆಕ್ಕ" ಎಂಬುದರ ಮುಂದೆ "ಸಾಕಾಗಿದೆ" ಎಂದು ಬರೆಯುತ್ತೇನೆಂದು ನನಗೆ ಮೊದಲೇ ಗೊತ್ತಿತ್ತು. ಅವನ ಹಾಳೆಯಲ್ಲಿ "ಶಾಂತವಾಗಿರುವವನು" ಎಂಬುದರ ಮುಂದೆ ಅದೇ ಗುರುತು ಇದ್ದದ್ದನ್ನು ಮಾತ್ರ ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವನ ಸಮಾಧಾನ ಹುಟ್ಟಿನಿಂದ ಬಂದದ್ದೆಂದು ನಾನೂ ನಂಬಿದ್ದೆ, ಅವನ ತಾಯಿಯೂ ನಂಬಿದ್ದರು. "ನೀನು ಹೆದರಿದಾಗಲೆಲ್ಲ ನನಗೆ ಹೆದರುವ ಸರದಿಯೇ ಬರಲಿಲ್ಲ" ಎಂದ. ಈ ಒಂದು ವಾಕ್ಯದ ಮೇಲೆ ನಾವು ಎಷ್ಟೋ ವಾರ ಮಾತಾಡಿದ್ದೇವೆ.

ಆಮೇಲೆ ಕೈ ಬದಲಾಯಿಸುವ ಕೆಲಸ. ಲೆಕ್ಕಪತ್ರ, ಬ್ಯಾಂಕಿನ ವ್ಯವಹಾರ, ವಿಮೆ, ತೆರಿಗೆ ಎಲ್ಲವನ್ನೂ ಅವನಿಗೆ ವಹಿಸಿದೆ. ಇದರಲ್ಲಿ ಕಷ್ಟದ ಭಾಗ ವಹಿಸುವುದಲ್ಲ, ವಹಿಸಿದ ಮೇಲೆ ಇಣುಕಿ ನೋಡದಿರುವುದು. ವಹಿಸಿದ ಕೆಲಸವನ್ನು ತನ್ನದೇ ರೀತಿಯಲ್ಲಿ, ಬೇಕಿದ್ದರೆ ಕೆಟ್ಟದಾಗಿಯೂ ಮಾಡುವ ಹಕ್ಕು ಅವನಿಗಿರಬೇಕು ಎಂದು ನಿಯಮ ಮಾಡಿಕೊಂಡಿದ್ದೆವು. ಒಮ್ಮೆ ವಿಮೆಯ ಕಂತಿನ ಗಡುವು ದಾಟಿತು, ದಂಡ ತೆತ್ತ. ನಾನು ತುಟಿ ಕಚ್ಚಿಕೊಂಡು ಸುಮ್ಮನಿದ್ದೆ. ಅದನ್ನು ಈಗಲೂ ನನ್ನ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಈಗ ಅವನ ಲೆಕ್ಕ ನನ್ನದಕ್ಕಿಂತ ಚೊಕ್ಕವಾಗಿದೆ. ಅದಕ್ಕೆ ಪ್ರತಿಯಾಗಿ ಅವನಿಗೆ ಸಿಟ್ಟು ಮಾಡುವ ಸ್ವಾತಂತ್ರ್ಯ ಸಿಕ್ಕಿತು. ಕಾಗದದ ಮೇಲೆ ಇದು ಚೆಂದ. ಅಷ್ಟು ವರ್ಷ ಶಾಂತನಾಗಿದ್ದವನು ಮೊದಲ ಸಲ ದನಿಯೇರಿಸಿದಾಗ ನನಗೆ ಒಂದಿಷ್ಟೂ ಹಿಡಿಸಲಿಲ್ಲ.

ಸಿಟ್ಟು ಬಂದ ಮೇಲೆ ಅದರೊಡನೆ ಬಾಳುವ ವಿಧಾನವೂ ಬೇಕಾಯಿತು. ನಾನು ಬೆನ್ನಟ್ಟುವವಳು, ಅವನು ಕೋಣೆಗೆ ಹೋಗಿ ಬಾಗಿಲು ಮುಚ್ಚುವವನು. ಒಬ್ಬರು ಒತ್ತಾಯಿಸುವುದು, ಇನ್ನೊಬ್ಬರು ಹಿಂದೆ ಸರಿಯುವುದು ದಂಪತಿಗಳಲ್ಲಿ ತೀರಾ ಸಾಮಾನ್ಯವಾದ ಸುಳಿ. ಮನಶ್ಶಾಸ್ತ್ರಜ್ಞ ಆಂಡ್ರ್ಯೂ ಕ್ರಿಸ್ಟೆನ್ಸೆನ್ ಇದನ್ನು ದಶಕಗಟ್ಟಲೆ ಅಭ್ಯಸಿಸಿದ್ದಾರೆ. ವಾದದ ನಡುವೆ ಹೃದಯದ ಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ದೇಹ ತಣಿಯಲು ಕನಿಷ್ಠ 20 ನಿಮಿಷವಾದರೂ ಬೇಕು ಎನ್ನುತ್ತಾರೆ ದಾಂಪತ್ಯವನ್ನು ಅಭ್ಯಸಿಸಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್. ನಾವು ಅರ್ಧ ಗಂಟೆ ಎಂದು ಇಟ್ಟುಕೊಂಡೆವು. ಅದಕ್ಕೊಂದು ಷರತ್ತು: ಎದ್ದು ಹೋಗುವವರು ಎಷ್ಟು ಹೊತ್ತಿಗೆ ಮರಳುತ್ತೇನೆಂದು ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ಬಂದು ಕೂರಬೇಕು. ಅವನು ಹೇಳಿದ ಹೊತ್ತಿಗೆ ಬರತೊಡಗಿದ ಮೇಲೆ ನನಗೆ ಬೆನ್ನಟ್ಟುವ ಅಗತ್ಯ ಬೀಳಲಿಲ್ಲ. ಮುಚ್ಚಿದ ಬಾಗಿಲಿಗಿಂತ ನನ್ನನ್ನು ಕೆರಳಿಸುತ್ತಿದ್ದದ್ದು ಅದು ಯಾವಾಗ ತೆರೆಯುತ್ತದೆಂದು ಗೊತ್ತಿಲ್ಲದಿರುವುದು.

ಮರಳಿ ಕೂತಾಗ ಒಬ್ಬರು ಸ್ವಲ್ಪ ಮಾತಾಡುವುದು, ಇನ್ನೊಬ್ಬರು ಉತ್ತರ ಕೊಡದೆ ಕೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳುವುದು, ಹೌದೆಂದ ಮೇಲೆಯೇ ಮುಂದಕ್ಕೆ ಹೋಗುವುದು. ದಾಂಪತ್ಯ ತರಬೇತಿಗಳಲ್ಲಿ ಇದನ್ನು ಕಲಿಸುತ್ತಾರೆ. ಮಾಡುವಾಗ ನಾಟಕದ ತಾಲೀಮಿನಂತೆ ಅನಿಸುತ್ತದೆ, ನಗುವೂ ಬರುತ್ತದೆ. ಆದರೂ ನಾವು ಬಿಡಲಿಲ್ಲ. ಅದಕ್ಕೆ ಕಾರಣ 2011ರ ಒಂದು ಪ್ರಯೋಗ. ಮನಶ್ಶಾಸ್ತ್ರಜ್ಞ ಕೆನೆತ್ ಸವಿಟ್ಸ್ಕಿ ಮತ್ತು ಸಂಗಡಿಗರು ಎರಡರ್ಥ ಬರುವ ವಾಕ್ಯಗಳನ್ನು ಗಂಡ ಹೆಂಡಿರಿಂದಲೂ ಅಪರಿಚಿತರಿಂದಲೂ ಹೇಳಿಸಿದರು. ತಮ್ಮ ಮಾತು ಸಂಗಾತಿಗೆ ಚೆನ್ನಾಗಿ ಅರ್ಥವಾಗುತ್ತದೆಂದು ದಂಪತಿಗಳು ನಂಬಿದ್ದರು. ಅರ್ಥವಾದದ್ದು ಮಾತ್ರ ಅಪರಿಚಿತರಿಗಿಂತ ಹೆಚ್ಚೇನೂ ಅಲ್ಲ. ನಾನು ಅವನ ಮಾತನ್ನು ತಿರುಗಿ ಹೇಳಿದಾಗ "ಅದಲ್ಲ ನಾನು ಹೇಳಿದ್ದು" ಎಂದು ಅವನು ಮತ್ತೆ ಮತ್ತೆ ತಲೆಯಾಡಿಸಿದಾಗ ಆ ಪ್ರಯೋಗ ನಮ್ಮ ಮನೆಯಲ್ಲೇ ನಡೆಯುತ್ತಿತ್ತು.

ಇಬ್ಬರಿಗೂ ಬೇರೆ ಬೇರೆ ಸಂಜೆಗಳನ್ನು ಇಟ್ಟುಕೊಂಡೆವು. ಅವನು ತಬಲಾ ಕಲಿಯಲು ಹೋದ, ನಾನು ಬಿಟ್ಟಿದ್ದ ಓದನ್ನು ಮತ್ತೆ ಹಿಡಿದೆ. ಎಲ್ಲಿಗೆ ಹೋದೆ, ಯಾರಿದ್ದರು ಎಂದು ವಿಚಾರಣೆ ಮಾಡುವಂತಿಲ್ಲ. ಇದು ತಪ್ಪಿಸಿಕೊಳ್ಳುವ ದಾರಿಯೂ ಆಗಬಹುದು, ಆಗಿರುವುದನ್ನು ಬೇರೆಯವರಲ್ಲಿ ನೋಡಿದ್ದೇನೆ. ಮನೆಗೆ ಬಂದಾಗ ಹೇಳಿಕೊಳ್ಳಲು ಏನಾದರೂ ಇದೆ ಅನಿಸುತ್ತದೆಯೇ, ಇಲ್ಲವೇ ಎಂಬುದೇ ನನ್ನ ಅಳತೆಗೋಲು.

ಜೊತೆಯಾಗಿ ಮಾಡಿದ್ದರಲ್ಲಿ ಒಂದನ್ನು ಹೇಳಲೇಬೇಕು. ಮನಶ್ಶಾಸ್ತ್ರಜ್ಞ ಆರ್ಥರ್ ಏರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ದಂಪತಿಗಳ ಮಣಿಕಟ್ಟು, ಕಾಲುಗಳನ್ನು ಜೋಡಿಸಿ ಕಟ್ಟಿ, ದಿಂಬೊಂದನ್ನು ಕೈ ಬಳಸದೆ ಇಬ್ಬರ ನಡುವೆ ಹಿಡಿದುಕೊಂಡು ತೆವಳಲು ಹೇಳಿದ್ದರು. ಸುಮ್ಮನೆ ಬೇಸರದ ಕೆಲಸ ಮಾಡಿದವರಿಗಿಂತ ಇವರು ಆಮೇಲೆ ತಮ್ಮ ದಾಂಪತ್ಯದ ಬಗ್ಗೆ ಹೆಚ್ಚು ಸಂತೃಪ್ತಿ ಹೇಳಿಕೊಂಡರು. ಹೊಸತನದಿಂದ ಹೀಗಾಯಿತೆಂದು ಸಂಶೋಧಕರು ವಿವರಿಸುತ್ತಾರೆ. ನಮ್ಮಂಥವರಿಗೆ ಇನ್ನೊಂದು ಲಾಭವೂ ಇದೆ: ಇಬ್ಬರಿಗೂ ಬಾರದ ಕೆಲಸದಲ್ಲಿ ಯಾರೂ ಯಾರ ಗುರುವೂ ಅಲ್ಲ. ನಾವು ಈಜು ಕಲಿಯಲು ಸೇರಿಕೊಂಡೆವು. ತರಬೇತುದಾರ ಇಬ್ಬರನ್ನೂ ಸಮನಾಗಿ ಬೈದ. ಕೊಳದ ಅಂಚು ಹಿಡಿದು ಅವನು ನಡುಗಿದ, ನಾನೂ ನಡುಗಿದೆ, ಧೈರ್ಯ ಹೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಬಗೆಹರಿಯದ್ದು ಬೇಕಾದಷ್ಟಿದೆ. ಅವನಿಗೆ ಕಡಿಮೆ ದುಡಿದು ಕಡಿಮೆಯಲ್ಲಿ ಬಾಳುವ ಆಸೆ. ನನಗೆ ಈಗಷ್ಟೇ ಕೆಲಸದ ರುಚಿ ಹತ್ತಿದೆ. ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಶೇ 69ರಷ್ಟು ಎಂದೂ ಪೂರ್ತಿ ಬಗೆಹರಿಯುವುದಿಲ್ಲ ಎಂಬ ಗಾಟ್‌ಮನ್ ಲೆಕ್ಕ ನನಗೆ ಸಮಾಧಾನ ಕೊಟ್ಟಿದೆ. ವರ್ಷಕ್ಕೊಮ್ಮೆ ಕೂತು ಆ ವರ್ಷದ ಮಟ್ಟಿಗೆ ಏನು ಮಾಡುವುದೆಂದು ತೀರ್ಮಾನಿಸುತ್ತೇವೆ.

ನಮಗಿಂತಲೂ ಚಿಕ್ಕ ವಯಸ್ಸಿನಲ್ಲಿ ಮದುವೆಯಾದ ಪರಿಚಿತ ದಂಪತಿಯೊಂದು ಇದೇ ಪಟ್ಟಿ ಬರೆಯಿತು. ಇಬ್ಬರ ಹಾಳೆಯಲ್ಲೂ "ಇಷ್ಟವಿದೆ" ಎಂಬುದು ಒಂದೂ ಇರಲಿಲ್ಲ. ಅವರು ಬೇರೆಯಾದರು, ಮಕ್ಕಳ ವಿಷಯದಲ್ಲಿ ಈಗಲೂ ಕೂತು ಮಾತಾಡುತ್ತಾರೆ. ಅದನ್ನು ಸೋಲೆಂದು ನಾನು ಕರೆಯುವುದಿಲ್ಲ. ಹೊಡೆತ, ಬೆದರಿಕೆ, ದಿನವೂ ಹೀಯಾಳಿಕೆ ಇರುವ ಮನೆಯಲ್ಲಿ ಈ ಪಟ್ಟಿಯ ಗೊಡವೆಗೇ ಹೋಗಬಾರದು. ಎದುರಿನವರಿಗೆ ಹೆದರುವ ವ್ಯಕ್ತಿ ಆ ಹಾಳೆಯಲ್ಲಿ ನಿಜ ಬರೆಯಲಾರರು, ಬರೆದರೆ ಅದು ಅವರಿಗೇ ಅಪಾಯ. ಅಲ್ಲಿ ಮೊದಲು ಸುರಕ್ಷಿತವಾದ ಜಾಗ ಬೇಕು.

ಶುರುಮಾಡುವವರು "ನನ್ನ ಮೇಲೆ ಇನ್ನೂ ಪ್ರೀತಿ ಇದೆಯೇ" ಎಂಬ ಪ್ರಶ್ನೆಯಿಂದ ಮಾತ್ರ ಶುರುಮಾಡಬೇಡಿ. ದಣಿದ ಮನುಷ್ಯನ ಬಳಿ ಅದಕ್ಕೆ ಪ್ರಾಮಾಣಿಕ ಉತ್ತರ ಇರುವುದಿಲ್ಲ. "ನಿನಗೆ ಏನು ಸಾಕಾಗಿದೆ" ಎಂದು ಕೇಳಿ. ಅದಕ್ಕೆ ಎಲ್ಲರ ಬಳಿಯೂ ಉತ್ತರವಿರುತ್ತದೆ, ಕೆಲವೊಮ್ಮೆ ಹಾಳೆ ಸಾಲುವುದಿಲ್ಲ. ನಾವು ಕಳೆದ ಬಾರಿ ಬರೆದಾಗ "ಮಗಳ ಗಣಿತ" ಎಂಬುದರ ಮುಂದೆ ಇಬ್ಬರೂ "ಸಾಕಾಗಿದೆ" ಎಂದೇ ಗುರುತು ಹಾಕಿದ್ದೆವು. ಸದ್ಯ ಆ ಕೆಲಸವನ್ನು ಹೊರಲು ಯಾರೂ ಸಿಕ್ಕಿಲ್ಲ.