ಕ್ಯಾಮೆರಾ ಮೇಳಕ್ಕೆ ಗಂಡ-ಹೆಂಡತಿ ಜೊತೆಯಾಗಿ ಹೋಗುವುದು ಹೇಗೆ?

ಮೊದಲ ಸಲ ಇವರ ಜೊತೆ ಬೆಂಗಳೂರಿನ ಅರಮನೆ ಮೈದಾನದ ಫೋಟೋ ಮೇಳಕ್ಕೆ ಹೋದಾಗ ನಾನು ಒಂದೂವರೆ ಗಂಟೆ ಒಂದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದೆ. "ಇರು, ಒಂದೇ ನಿಮಿಷ" ಅಂತ ಲೆನ್ಸ್ ಸ್ಟಾಲ್ ಒಳಗೆ ಹೋದವರು ಪತ್ತೆಯೇ ಇರಲಿಲ್ಲ. ವಾಪಸ್ ತುಮಕೂರಿನ ರೈಲಿನಲ್ಲಿ ನಾನು ಕಿಟಕಿ ನೋಡುತ್ತಾ ಕೂತೆ, ಅವರು ಬ್ರೋಷರ್ ನೋಡುತ್ತಾ ಕೂತರು. ಹಿರೇಹಳ್ಳಿ ದಾಟುವವರೆಗೆ ಮಾತಿಲ್ಲ.

ಆಮೇಲೆ ಮೂರು ಸಲ ಹೋಗಿದ್ದೇವೆ. ಈಗ ಮೇಳದ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವವಳು ನಾನೇ. ನಡುವೆ ಏನು ಬದಲಾಯಿತು ಅಂತ ಹೇಳುತ್ತೇನೆ. ನಿಮ್ಮಲ್ಲಿ ಒಬ್ಬರಿಗೆ ಕ್ಯಾಮೆರಾ ಹುಚ್ಚಿದ್ದು ಇನ್ನೊಬ್ಬರಿಗೆ ಅಷ್ಟಕ್ಕಷ್ಟೇ ಆಗಿದ್ದರೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಂದು ವಿಷಯ. ಇದು ವ್ಯಾಪಾರದ ಮೇಳ. ಮದುವೆ ಫೋಟೋ ತೆಗೆಯುವವರು, ಸ್ಟುಡಿಯೋ ಇಟ್ಟವರು, ಆಲ್ಬಂ ಪ್ರಿಂಟ್ ಮಾಡುವವರು ಒಂದೇ ಕಡೆ ಸೇರುತ್ತಾರೆ. ಜರ್ಮನಿಯ ಕಲೋನ್‌ನಲ್ಲಿ 1950ರಲ್ಲಿ ಶುರುವಾದ ಫೋಟೋಕಿನಾ ಮೇಳ 2018ರ ನಂತರ ನಿಂತೇಹೋಯಿತು. ಜಪಾನಿನ ಯೊಕೊಹಾಮಾದಲ್ಲಿ ಸಿಪಿ ಪ್ಲಸ್ ಅನ್ನುವ ಮೇಳ 2010ರಿಂದ ನಡೆಯುತ್ತಿದೆ. ಅಲ್ಲೆಲ್ಲ ಹೊಸ ಕ್ಯಾಮೆರಾ, ಹೊಸ ಲೆನ್ಸ್‌ನದ್ದೇ ಸುದ್ದಿ. ನಮ್ಮಲ್ಲಿ ಹಾಗಲ್ಲ, ಮೇಳದ ದೊಡ್ಡ ಪಾಲು ಮದುವೆ ಮನೆಗೆ ಸೇರಿದ್ದು. ಅದಕ್ಕೇ ಕ್ಯಾಮೆರಾ ಗೊತ್ತಿಲ್ಲದವರಿಗೂ ಅಲ್ಲಿ ನೋಡಲಿಕ್ಕೆ ಬೇಕಾದಷ್ಟಿರುತ್ತದೆ.

ಹೊರಡುವ ಮುಂಚೆ: ತಲೆಗೊಂದು ಪ್ರಶ್ನೆ

ಇಬ್ಬರೂ ಒಂದೊಂದು ಪ್ರಶ್ನೆ ಬರೆದುಕೊಳ್ಳಿ. "ಯಾವ ಕ್ಯಾಮೆರಾ ಚೆನ್ನಾಗಿದೆ?" ಅನ್ನುವಂಥದ್ದಲ್ಲ. ಹಾಗೆ ಕೇಳಿದರೆ ಪ್ರತಿ ಸ್ಟಾಲಿನವರೂ ತಮ್ಮದೇ ತೋರಿಸುತ್ತಾರೆ. ಮನೆಯಲ್ಲಿ ನಿಜವಾಗಿ ತಲೆ ಕೆಡಿಸಿದ್ದನ್ನೇ ಒಯ್ಯಿರಿ.

ಇವರದ್ದು: "ನನ್ನ ಹಳೇ 50 ಎಂಎಂ ಲೆನ್ಸ್ ಹೊಸ ಮಿರರ್‌ಲೆಸ್ ಕ್ಯಾಮೆರಾಗೆ ಕೂರುತ್ತಾ?" (ಮಿರರ್‌ಲೆಸ್ ಅಂದರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ.) ನನ್ನದು ಬೇರೆ. ನಾನು ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟಿಕೊಡುತ್ತೇನೆ. ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಮರೂನ್ ಕುಚ್ಚು ಕಂದು ಬಣ್ಣಕ್ಕೆ ಕಾಣುತ್ತದೆ. "ಅಕ್ಕಾ, ನಾನು ಹೇಳಿದ್ದು ಈ ಬಣ್ಣ ಅಲ್ಲ" ಅಂತ ಫೋನ್ ಬರುತ್ತದೆ. ಯಾಕೆ ಹೀಗೆ ಅನ್ನುವುದೇ ನನ್ನ ಪ್ರಶ್ನೆ. ಬ್ಯಾಗಿಗೆ ಒಂದು ತುಂಡು ರೇಷ್ಮೆ ಬಟ್ಟೆ, ಅದಕ್ಕೆ ಕಟ್ಟಿದ ನಾಲ್ಕು ಕುಚ್ಚು ಹಾಕಿಕೊಂಡೆ. ಅವರು ಲೆನ್ಸ್ ಹಾಕಿಕೊಂಡರು.

ಹೆಸರನ್ನು ಆನ್‌ಲೈನ್‌ನಲ್ಲೇ ಮೊದಲು ನೋಂದಾಯಿಸಿ. ಬಾಗಿಲಲ್ಲಿ ಫಾರಂ ತುಂಬುವ ಸಾಲು ಉದ್ದ ಇರುತ್ತದೆ. ವಾರದ ಮಧ್ಯದ ದಿನ ಸಿಕ್ಕರೆ ರಜೆ ಹಾಕಿ ಹೋಗಿ, ಭಾನುವಾರ ಜಾಸ್ತಿ ಜನ. ಕೊಳ್ಳುವ ಯೋಚನೆ ಇದ್ದರೆ ಆ ವಸ್ತುವಿನ ಅಂಗಡಿ ಬೆಲೆ, ಆನ್‌ಲೈನ್ ಬೆಲೆ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. ಒಳಗೆ ಅಷ್ಟು ಜನರ ಮಧ್ಯೆ ನೆಟ್‌ವರ್ಕ್ ಸುತ್ತುತ್ತಲೇ ಇರುತ್ತದೆ.

ಬ್ಯಾಗಿನಲ್ಲಿ ಇರಬೇಕಾದ್ದು ಇಷ್ಟು: ಖಾಲಿ ಮೆಮೊರಿ ಕಾರ್ಡ್, ನಿಮ್ಮ ಕ್ಯಾಮೆರಾ, ಪವರ್ ಬ್ಯಾಂಕ್, ನೀರು, ಬ್ರೋಷರ್ ತುಂಬಲು ಒಂದು ಬಟ್ಟೆ ಚೀಲ. ಟ್ರೈಪಾಡ್ ಬೇಡ. ಹೊಸ ಚಪ್ಪಲಿ ಅಂತೂ ಬೇಡವೇ ಬೇಡ. ನಾನು ಒಮ್ಮೆ ಹಾಕಿಕೊಂಡು ಹೋಗಿ ಮಧ್ಯಾಹ್ನ ಬರಿಗಾಲಲ್ಲಿ ನಡೆದಿದ್ದೇನೆ.

ಗೇಟು ನೋಡಿಕೊಳ್ಳಿ

ಅರಮನೆ ಮೈದಾನ ಅಂದರೆ ಒಂದು ಮೈದಾನ ಅಲ್ಲ. ನಾನೂರಕ್ಕೂ ಹೆಚ್ಚು ಎಕರೆ ಜಾಗ. ಅದರೊಳಗೆ ಗಾಯತ್ರಿ ವಿಹಾರ, ತ್ರಿಪುರವಾಸಿನಿ ಅಂತ ಬೇರೆ ಬೇರೆ ಸಭಾಂಗಣ, ಬೇರೆ ಬೇರೆ ಗೇಟು. ಯಶವಂತಪುರದಲ್ಲಿ ರೈಲು ಇಳಿದು ಆಟೋದವರಿಗೆ ಬರೀ "ಪ್ಯಾಲೇಸ್ ಗ್ರೌಂಡ್ಸ್" ಅಂದರೆ ಅವರು ಮೇಖ್ರಿ ಸರ್ಕಲ್ ಹತ್ತಿರ ಎಲ್ಲೋ ಒಂದು ಕಡೆ ಇಳಿಸಿ ಹೋಗುತ್ತಾರೆ. ನಾವು ಹಾಗೆ ಇಳಿದು ಯಾರದೋ ಮದುವೆ ರಿಸೆಪ್ಷನ್ ಒಳಗೆ ಹೋಗಿಬಿಟ್ಟಿದ್ದೆವು. ಬಾಗಿಲಲ್ಲಿ ಪನ್ನೀರು ಚಿಮುಕಿಸಿದ ಮೇಲೆ ಗೊತ್ತಾಯಿತು. ಸಭಾಂಗಣದ ಹೆಸರು, ಗೇಟ್ ನಂಬರ್ ಎರಡನ್ನೂ ಹೇಳಿ.

ಒಳಗೆ ಹೋದ ತಕ್ಷಣ ಮಾಡಬೇಕಾದ ಕೆಲಸ ಒಂದೇ. ಕೆಲವು ಕಂಪನಿಗಳು ತಮ್ಮ ಬ್ರಾಂಡಿನ ಕ್ಯಾಮೆರಾಗಳನ್ನು ಅಲ್ಲೇ ಕ್ಲೀನ್ ಮಾಡಿಕೊಡುತ್ತವೆ. ನಿಮ್ಮ ಬ್ರಾಂಡಿನವರು ಇದ್ದರೆ ಮೊದಲು ಅಲ್ಲಿಗೆ ಹೋಗಿ ಟೋಕನ್ ತಗೊಳ್ಳಿ. ಹನ್ನೊಂದರ ಮೇಲೆ ಹೋದರೆ ಸಂಜೆ ಬನ್ನಿ ಅಂತಾರೆ.

ಕಾರ್ಡ್ ಹಾಕಿ, ಒಂದೇ ಫೋಟೋ ತೆಗೆಯಿರಿ

ಮೇಳದ ಅಸಲಿ ಮಜಾ ಇಲ್ಲಿದೆ. ಅಂಗಡಿಯಲ್ಲಿ ಮೂರು ಲಕ್ಷದ ಕ್ಯಾಮೆರಾ ಕೇಳಿದರೆ ಮುಖ ನೋಡುತ್ತಾರೆ. ಇಲ್ಲಿ ಅದನ್ನು ಮೇಜಿನ ಮೇಲೆ ಸರಪಳಿ ಹಾಕಿ ಇಟ್ಟಿರುತ್ತಾರೆ, ಯಾರು ಬೇಕಾದರೂ ಎತ್ತಿಕೊಳ್ಳಬಹುದು. "ನನ್ನ ಕಾರ್ಡ್ ಹಾಕಬಹುದಾ?" ಅಂತ ಕೇಳಿ. ಹೆಚ್ಚಿನವರು ಹೂಂ ಅಂತಾರೆ. ಇನ್ನೂ ಮಾರುಕಟ್ಟೆಗೆ ಬರದ ಮಾಡೆಲ್ ಆದರೆ ಬೇಡ ಅಂದಾರು, ಬೇಸರ ಬೇಡ. ಕಾರ್ಡ್ ಹಾಕುವಾಗ, ತೆಗೆಯುವಾಗ ಕ್ಯಾಮೆರಾ ಆಫ್ ಇರಲಿ. ಮನೆಯ ಫೋಟೋ ಇರುವ ಕಾರ್ಡ್ ತರಬೇಡಿ. ಅಲ್ಲಿ ಯಾರಾದರೂ ಫಾರ್ಮ್ಯಾಟ್ ಒತ್ತಿದರೆ ಮಗಳ ನಾಮಕರಣ ಹೋಯಿತು.

ಪ್ರತಿ ಸ್ಟಾಲಿನಲ್ಲೂ ಒಂದೇ ಥರದ ಫೋಟೋ ತೆಗೆಯಬೇಕು. ನಮ್ಮ ಕ್ರಮ ಹೀಗೆ: ನಾನು ಆರು ಹೆಜ್ಜೆ ದೂರ ನಿಲ್ಲುತ್ತೇನೆ. ಇವರು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 3200ಕ್ಕೆ ಇಟ್ಟು ನನ್ನ ಕಣ್ಣಿಗೆ ಫೋಕಸ್ ಮಾಡಿ ಒಂದು ಫೋಟೋ ತೆಗೆಯುತ್ತಾರೆ. ಆಮೇಲೆ ನಾನು ಅವರ ಕಡೆ ನಡೆದು ಬರುತ್ತೇನೆ, ಅವರು ಸಾಲಾಗಿ ಹತ್ತು ತೆಗೆಯುತ್ತಾರೆ. ಫೋಕಸ್ ಕಣ್ಣಿಗೆ ಅಂಟಿಕೊಂಡಿರುತ್ತದೋ ಕಿವಿಗೆ ಜಾರುತ್ತದೋ ಗೊತ್ತಾಗುವುದು ಆಗಲೇ. ಯಾವ ಫೋಟೋ ಯಾವ ಕ್ಯಾಮೆರಾದ್ದು ಅಂತ ಬರೆದುಕೊಳ್ಳುವುದೇನೂ ಬೇಡ. ಮಾಡೆಲ್ ಹೆಸರು ಫೈಲ್‌ನಲ್ಲೇ ಇರುತ್ತದೆ.

ತೂಕವನ್ನೂ ನೋಡಿ. ದೂರದ್ದನ್ನು ಹತ್ತಿರ ತೋರಿಸುವ 70-200ರ ಎಫ್ 2.8 ಲೆನ್ಸ್ ಹಳೇ ಮಾದರಿಯಲ್ಲಿ ಒಂದೂವರೆ ಕೆಜಿ ಹತ್ತಿರ. ಮಿರರ್‌ಲೆಸ್‌ನ ಕೆಲವು ಹೊಸ ಮಾದರಿಗಳು ಒಂದು ಕೆಜಿ ಆಸುಪಾಸು. ಕೇಳಲಿಕ್ಕೆ ಅರ್ಧ ಕೆಜಿ ವ್ಯತ್ಯಾಸ. ಐದು ನಿಮಿಷ ಎತ್ತಿ ಹಿಡಿದರೆ ಅದು ಎಷ್ಟು ಅಂತ ಭುಜವೇ ಹೇಳುತ್ತದೆ.

ಇವರ ಪ್ರಶ್ನೆಗೆ ಉತ್ತರ ಸಿಕ್ಕಿದ್ದೂ ಇಂಥ ಒಂದು ಮೇಜಿನಲ್ಲೇ. ಸ್ಟಾಲಿನ ಹುಡುಗ ಒಂದು ಅಡಾಪ್ಟರ್ ತೆಗೆದು ನನ್ನ ಕೈಗೆ ಕೊಟ್ಟ. "ಮೇಡಂ, ಇದರೊಳಗೆ ಬೆರಳು ಹಾಕಿ" ಅಂದ. ಹಾಕಿದೆ. ಬೆರಳು ಆಚೆ ಬಂತು. ಗಾಜೇ ಇಲ್ಲ, ಖಾಲಿ ಬಳೆ! ಕ್ಯಾನನ್‌ನ ಹಳೇ ಇಎಫ್ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಜಾಗದಿಂದ ಚಿತ್ರ ಮೂಡುವ ಸೆನ್ಸರ್‌ವರೆಗೆ 44 ಮಿಲಿಮೀಟರ್. ಹೊಸ ಮಿರರ್‌ಲೆಸ್ ಆರ್‌ಎಫ್‌ನಲ್ಲಿ 20. ಮಧ್ಯೆ ಇದ್ದ ಕನ್ನಡಿ ಹೋಯಿತು, ಜಾಗ ಉಳಿಯಿತು. ಹಳೇ ಲೆನ್ಸ್‌ಗೆ ಆ 24 ಮಿಲಿಮೀಟರ್ ವಾಪಸ್ ಬೇಕು. ಅಷ್ಟು ದೂರ ತುಂಬಿ, ಕ್ಯಾಮೆರಾದ ಮಾತನ್ನು ಲೆನ್ಸ್‌ಗೆ ದಾಟಿಸುವುದೇ ಅಡಾಪ್ಟರ್ ಕೆಲಸ. ನಿಕಾನ್ ಇಟ್ಟುಕೊಂಡವರು ಒಂದು ವಿಷಯ ಗಮನಿಸಿ: ಆ ಕಂಪನಿಯ ಎಫ್‌ಟಿಝೆಡ್ ಅಡಾಪ್ಟರ್‌ನಲ್ಲಿ ಮೋಟಾರ್ ಇಲ್ಲ. ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಕೂರುತ್ತದೆ, ಆದರೆ ಫೋಕಸ್ ಕೈಯಲ್ಲೇ ತಿರುಗಿಸಬೇಕು. ಲೆನ್ಸ್ ಜೊತೆಗೇ ತಂದಿದ್ದರೆ ಅಲ್ಲೇ ಹಾಕಿ ನೋಡಬಹುದು. ಅದಕ್ಕೇ ಇವರು ಲೆನ್ಸ್ ತಂದಿದ್ದು.

ಬೆಳಕಿನ ಸಾಲು

ಆಮೇಲೆ ನನ್ನ ಸರದಿ. ಎಲ್‌ಇಡಿ ದೀಪಗಳ ಸ್ಟಾಲಿನಲ್ಲಿ ಕುಚ್ಚಿನ ಬಟ್ಟೆ ಹೊರಗೆ ತೆಗೆದೆ. ಅಲ್ಲಿದ್ದವನಿಗೆ ನಗು ಬಂತು, ಆದರೆ ಅವನು ಬುದ್ಧಿವಂತ. ಎರಡು ದೀಪ ಅಕ್ಕಪಕ್ಕ ಹೊತ್ತಿಸಿದ. ಕಣ್ಣಿಗೆ ಎರಡೂ ಒಂದೇ ಬಿಳಿ. ಬಟ್ಟೆಯನ್ನು ಎಡದಿಂದ ಬಲಕ್ಕೆ ಸರಿಸಿದರೆ ಮರೂನ್ ನಿಜವಾಗಿಯೂ ಮರೂನ್ ಆಯಿತು, ಜರಿ ದಾರ ಹೊಳೆಯಿತು. ಮತ್ತೆ ಎಡಕ್ಕೆ ತಂದೆ, ಒಣಗಿದ ರಕ್ತದ ಬಣ್ಣ. ನಾಲ್ಕೈದು ಸಲ ಹಾಗೇ ಮಾಡಿದೆ.

ದೀಪದ ಡಬ್ಬಿಯ ಮೇಲೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ. ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಲೆಕ್ಕ. 100ಕ್ಕೆ 100 ಅಂದರೆ ಬಿಸಿಲಿನಂತೆ. ಮನೆಯ ಸಾಧಾರಣ ಎಲ್‌ಇಡಿ ಬಲ್ಬ್ 80ರ ಆಸುಪಾಸು. ಫೋಟೋಗೆ 95ರ ಮೇಲಿರಲಿ. ಕಡು ಕೆಂಪಿಗೆ ಆರ್9 ಅಂತ ಬೇರೆಯೇ ಅಂಕಿ ಇದೆ, ಅದನ್ನು ಕೇಳಿದರೆ ಮಾತ್ರ ಹೇಳುತ್ತಾರೆ. ರೇಷ್ಮೆ ಸೀರೆ, ಕುಂಕುಮ, ಮೆಣಸಿನಕಾಯಿ ಉಪ್ಪಿನಕಾಯಿ, ಏನೇ ಕೆಂಪಿನದ್ದು ಮಾರುವವರಾದರೂ ಆ ಅಂಕಿ ಕೇಳಿ. ತಪ್ಪು ನನ್ನ ಫೋನಿನದ್ದಲ್ಲ, ಅಡುಗೆಮನೆ ಬಲ್ಬಿನದ್ದು ಅಂತ ಅವತ್ತು ಗೊತ್ತಾಯಿತು.

ಮಾಡೆಲ್‌ಗಳನ್ನು ನಿಲ್ಲಿಸಿ ಫೋಟೋ ತೆಗೆದು ತೋರಿಸುವ ವೇದಿಕೆ ಮುಂದೆ ನೂಕುನುಗ್ಗಲು ಇರುತ್ತದೆ. ಫ್ಲ್ಯಾಶ್ ಹೊಡೆಯುವುದು ಟ್ರಿಗರ್ (ಫ್ಲ್ಯಾಶ್‌ಗೆ ಸನ್ನೆ ಕೊಡುವ ಸಾಧನ) ಇರುವವರ ಕ್ಯಾಮೆರಾಗೆ ಮಾತ್ರ. ಉಳಿದವರು ಎಷ್ಟು ಒತ್ತಿದರೂ ಕತ್ತಲೆ ಫೋಟೋ ಬರುತ್ತದೆ. ಹಾಗಾಗಿ ಸುಮ್ನೆ ನಿಂತು ದೀಪ ಎಲ್ಲಿಟ್ಟಿದ್ದಾರೆ, ಎಷ್ಟು ಎತ್ತರಕ್ಕೆ ಇಟ್ಟಿದ್ದಾರೆ ನೋಡಿ. ಕಲಿಯಲು ಅದೇ ಸಾಕು.

ಊಟ, ಆಲ್ಬಂ

ಹನ್ನೆರಡೂಕಾಲಿಗೆ ಊಟ ಮುಗಿಸಿ. ಒಂದು ಗಂಟೆಗೆ ಹೋದರೆ ಕೈಯಲ್ಲಿ ತಟ್ಟೆ ಹಿಡಿದು ನಿಂತೇ ತಿನ್ನಬೇಕು.

ಊಟದ ಮೇಲೆ ಒಂದು ಗಂಟೆ ಇಬ್ಬರೂ ಬೇರೆ ಬೇರೆ ಓಡಾಡಿ. ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಫೋನ್ ನಂಬಬೇಡಿ. ಈ ಒಂದು ಗಂಟೆಯೇ ನಮ್ಮ ಜಗಳ ತಪ್ಪಿಸಿದ್ದು. ಇವರು ಡ್ರೋನ್ ಕಡೆ ಹೋದರು. (ಡ್ರೋನ್ ಕೊಳ್ಳುವವರಿಗೆ ಒಂದು ಮಾತು: 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಹೊರಗಿನ ಬ್ರಾಂಡ್ ತೋರಿಸಿದರೆ ಬಿಲ್ಲು, ವಾರಂಟಿ ಯಾರು ಕೊಡುತ್ತಾರೆ ಅಂತ ಕೇಳಿ.) ನಾನು ಆಲ್ಬಂ ಸಾಲಿಗೆ ಹೋದೆ.

ಆ ಸಾಲಿನಲ್ಲಿ ಅಂಟು, ಲ್ಯಾಮಿನೇಷನ್ ವಾಸನೆ. "ಶೀಟಿಗೆ ಎಷ್ಟು?" ಅಂತ ಕನ್ನಡ, ತಮಿಳು, ತೆಲುಗಿನಲ್ಲಿ ಚೌಕಾಸಿ. ಬಿಚ್ಚಿದರೆ 12×36 ಇಂಚಿನ ಕರಿಜ್ಮಾ ಆಲ್ಬಂ (ಫೋಟೋ ಹಾಳೆಯ ಮೇಲೇ ಪ್ರಿಂಟ್ ಆಗಿರುವ ಮದುವೆ ಆಲ್ಬಂ), ಮೊಣಕೈಯಿಂದ ಮೊಣಕೈಗೆ ಬರುತ್ತದೆ. ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ ಒಂದು ಹಾಳೆ ಪೂರ್ತಿ ತುಂಬಲು ಸುಮಾರು 39 ಮೆಗಾಪಿಕ್ಸೆಲ್ ಬೇಕು. ಇವರ ಕ್ಯಾಮೆರಾ 24. ಅಂದರೆ ಒಂದೇ ಫೋಟೋವನ್ನು ಹಾಳೆ ತುಂಬಾ ಹಾಕಿದರೆ ಎಳೆದಂತೆ. ಆದರೆ ಅಷ್ಟು ದೊಡ್ಡದನ್ನು ಯಾರೂ ಮೂಗಿಗೆ ಹಿಡಿದು ನೋಡಲ್ಲ, ನಡೆಯುತ್ತದೆ. ಒಬ್ಬ ಹಿರಿಯರು "ನೋಡಮ್ಮ, ಕಣ್ಣಲ್ಲಲ್ಲ, ಹೆಬ್ಬೆರಳಲ್ಲಿ ನೋಡು" ಅಂತ ಮ್ಯಾಟ್, ಗ್ಲಾಸಿ, ವೆಲ್ವೆಟ್ ಮೂರು ಹಾಳೆ ಸವರಿಸಿದರು. ಗ್ಲಾಸಿ ಮೇಲೆ ನನ್ನ ಬೆರಳಚ್ಚು ಉಳಿಯಿತು. ಮನೆಗೆ ಬಂದವರೆಲ್ಲ ತಿರುವುವ ಆಲ್ಬಂ ಆದರೆ ಮ್ಯಾಟ್ ಹಾಕಿಸಿ.

ಕೊಳ್ಳುವುದಾದರೆ

ಬಿಲ್ಲಿಲ್ಲದೆ ಏನೂ ಬೇಡ. ಕ್ಯಾಮೆರಾಗೆ 18 ಪರ್ಸೆಂಟ್ ಜಿಎಸ್‌ಟಿ. "ಬಿಲ್ ಬೇಡ ಅಂದ್ರೆ ಕಮ್ಮಿಗೆ ಕೊಡ್ತೀವಿ" ಅನ್ನುವ ಮಾತು ಕೇಳಿ ನಾವು ಒಂದು ಮೇಳದಲ್ಲಿ ಬ್ಯಾಟರಿ ತಗೊಂಡೆವು. ಎರಡು ತಿಂಗಳಿಗೆ ಇಡ್ಲಿ ಥರ ಉಬ್ಬಿತು. ಮುಂದಿನ ವರ್ಷ ಹುಡುಕಿದರೆ ಆ ಸ್ಟಾಲೇ ಇಲ್ಲ. ಡಬ್ಬಿ, ಕ್ಯಾಮೆರಾ, ವಾರಂಟಿ ಕಾರ್ಡ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇನಾ ಅಂತ ಅಲ್ಲೇ ನಿಂತು ಓದಿ. ದೊಡ್ಡ ವಸ್ತುವನ್ನು ಅವತ್ತೇ ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಇವರು ಒಪ್ಪುವುದಿಲ್ಲ.

ನಾವು ತಂದಿದ್ದು ಒಂದು ಚಿಕ್ಕ ಎಲ್‌ಇಡಿ ದೀಪ, ಬಿಲ್ಲಿನ ಸಮೇತ.

ರಾತ್ರಿ, ಟಿವಿ ಮುಂದೆ

ಕಾರ್ಡನ್ನು ಅವತ್ತೇ ನೋಡಿ. ನಾಳೆ ಅಂದರೆ ಯಾವುದರ ಹಿಡಿತ ಹೇಗಿತ್ತು ಅನ್ನುವುದು ಮರೆತಿರುತ್ತದೆ. ಲ್ಯಾಪ್‌ಟಾಪನ್ನು ಟಿವಿಗೆ ಹಚ್ಚಿ, ಎಲ್ಲ ಕ್ಯಾಮೆರಾದ ಫೋಟೋ ಸಾಲಾಗಿ ಹಾಕಿ. ಕಣ್ಣಿನ ರೆಪ್ಪೆ ಬಿಡಿ ಬಿಡಿಯಾಗಿ ಕಾಣುತ್ತದಾ, ಕಪ್ಪು ಕೂದಲಲ್ಲಿ ಬಣ್ಣದ ಚುಕ್ಕಿ ಬಂದಿದೆಯಾ, ಅಷ್ಟು ನೋಡಿದರೆ ಸಾಕು. ಮುಖ ನೋಡಲು ಹೋಗಬೇಡಿ.

ಇವರು ಮುಖ ನೋಡಿದರು. "ಏನೇ ಇದು, ಏಳು ಕ್ಯಾಮೆರಾದಲ್ಲೂ ಸಿಟ್ಟಾಗೇ ನಿಂತಿದ್ದೀಯಲ್ಲ?"

"ರೀ, ಆರನೇದು ಸರಿಯಾಗಿ ನೋಡಿ. ಅದರಲ್ಲಿ ನಕ್ಕಿದ್ದೀನಿ."

ಜೂಮ್ ಮಾಡಿದರು. ಫೋಕಸ್ ಹಿಂದಿನ ಜ್ಯೂಸ್ ಅಂಗಡಿ ಬೋರ್ಡಿಗೆ ಹೋಗಿತ್ತು.