ಚೆನ್ನೆಮಣೆಗೊಂದು ಎದುರಾಳಿ ಬಾಟ್: ಬರೆಯುವುದು ಹೇಗೆ?

ಬ್ರೌಸರಿನಲ್ಲಿ ಇಬ್ಬರು ಆಡುವ ಚೆನ್ನೆಮಣೆಯನ್ನು ನೀವೇ ಬರೆದಿದ್ದೀರಿ ಎಂದಿಟ್ಟುಕೊಳ್ಳಿ. ಆಟಿಯ ಮಳೆ ಹೊಯ್ಯುವ ಮಧ್ಯಾಹ್ನ ಎದುರು ಕೂರಲು ಯಾರೂ ಆನ್‌ಲೈನ್ ಇಲ್ಲದಿದ್ದರೆ ಮಣೆ ಸುಮ್ಮನಿರುತ್ತದೆ. ಆ ಜಾಗ ತುಂಬಲು ಸಣ್ಣದೊಂದು ಬಾಟ್, ಅಂದರೆ ತಾನೇ ಆಡುವ ಪ್ರೋಗ್ರಾಂ ಸಾಕು. ಜಾವಾಸ್ಕ್ರಿಪ್ಟ್ ತಕ್ಕಮಟ್ಟಿಗೆ ಬಂದರಾಯಿತು.

ಮೊದಲು ನಿಯಮ ಗಟ್ಟಿಮಾಡಿಕೊಳ್ಳಿ. ಮಂಗಳೂರು, ಉಡುಪಿಯ ಕಡೆ ಆಡುವ ಕ್ರಮಗಳು ಹಲವು. ಇಲ್ಲಿ ಹಿಡಿದಿರುವುದು ಸರಳವಾದದ್ದು: ಏಳೇಳರ ಎರಡು ಸಾಲಿನಲ್ಲಿ 14 ಗುಳಿ, ತಲಾ 4 ಕಾಯಿ, ಒಟ್ಟು 56. ನಿಮ್ಮ ಸಾಲಿನ ಒಂದು ಗುಳಿಯ ಕಾಯಿ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯಲ್ಲಿ ಕಾಯಿ ಇದ್ದರೆ ಅದನ್ನೆತ್ತಿ ಮುಂದುವರಿಸುವುದು. ಖಾಲಿಯಿದ್ದರೆ ಅದರಾಚೆಯ ಗುಳಿಯಲ್ಲಿರುವುದು ನಿಮ್ಮದು, ಸರದಿ ಮುಗಿಯಿತು.

ಹಂತ 1: ನಿಯಮದ ಫಂಕ್ಷನ್

ಮಣೆಯ ಸ್ಥಿತಿ ಮತ್ತು ಗುಳಿಯ ಸಂಖ್ಯೆ ಕೊಟ್ಟರೆ ಹೊಸ ಸ್ಥಿತಿಯನ್ನೂ ಗೆದ್ದ ಕಾಯಿಯನ್ನೂ ಹಿಂದಿರುಗಿಸುವ ಒಂದೇ ಫಂಕ್ಷನ್ ಬರೆಯಿರಿ. ಸರ್ವರ್ ಮತ್ತು ಬಾಟ್ ಎರಡೂ ಅದನ್ನೇ ಬಳಸಲಿ. ಗುಳಿಗಳನ್ನು 0ಯಿಂದ 13ರವರೆಗೆ ಎಣಿಸಿ; 1 ಕೂಡಿಸಿ 14ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಗುಳಿ. 1ರಿಂದ 14 ಎಂದು ಎಣಿಸಿದರೆ 13ರ ನಂತರ 0 ಬಂದು, ಇಲ್ಲದ ಗುಳಿಗೆ ಕಾಯಿ ಬೀಳುತ್ತದೆ.

ಪ್ರತಿ ನಡೆಯ ನಂತರ ಮಣೆಯಲ್ಲಿರುವ ಕಾಯಿಗೆ ಇಬ್ಬರೂ ಗೆದ್ದದ್ದನ್ನು ಸೇರಿಸಿ ನೋಡಿ. 56 ಆಗದಿದ್ದರೆ ಪ್ರೋಗ್ರಾಂ ಅಲ್ಲೇ ನಿಲ್ಲಲಿ. ಈ ಒಂದು ಸಾಲು ಕೋಡ್ ಬಹುಪಾಲು ತಪ್ಪುಗಳನ್ನು ಹಿಡಿದುಕೊಡುತ್ತದೆ, ಬಿಡಬೇಡಿ. ಕಾಯಿ ಎತ್ತುವ ಲೂಪಿಗೆ 500 ಸುತ್ತುಗಳ ಮಿತಿಯನ್ನೂ ಇಡಿ. ನಿಯಮದಲ್ಲಿ ಸಣ್ಣ ತಪ್ಪಿದ್ದರೂ ಅದು ಕೊನೆಯಿಲ್ಲದೆ ತಿರುಗಬಹುದು.

ಹಂತ 2: ನಡೆಯ ಆಯ್ಕೆ

ಕಾಯಿ ಇರುವ ತನ್ನ ಗುಳಿಗಳಲ್ಲಿ ಯಾವುದಾದರೊಂದನ್ನು ಎತ್ತುವ ಬಾಟ್ ಮೊದಲು ಸಿದ್ಧವಾಗಲಿ. ಅಂಥ ಎರಡನ್ನು ನೆಟ್‌ವರ್ಕ್ ಇಲ್ಲದೆ 1000 ಆಟ ಆಡಿಸಿ. ತನ್ನ ಸಾಲು ಪೂರ್ತಿ ಖಾಲಿಯಾದಾಗ ಬಾಟ್ ಏನು ಮಾಡಬೇಕೆಂದು ಬರೆಯದಿದ್ದರೆ ಇಲ್ಲೇ ಗೊತ್ತಾಗುತ್ತದೆ.

ಮುಂದಿನದು ಲೆಕ್ಕ ಹಾಕುವ ಬಾಟ್. ತನ್ನ ಪ್ರತಿ ನಡೆಗೂ ಎದುರಾಳಿಯ ಎಲ್ಲ ಉತ್ತರಗಳನ್ನು ಆಡಿನೋಡಿ, ತನಗೆ ಸಿಗುವ ಕಾಯಿಯಿಂದ ಎದುರಾಳಿಯ ಅತಿ ದೊಡ್ಡ ಗಳಿಕೆ ಕಳೆದು, ಹೆಚ್ಚು ಉಳಿಯುವುದನ್ನು ಆರಿಸಬೇಕು. ಹೆಚ್ಚೆಂದರೆ 7 ಗುಣಿಸು 7, 49 ಉತ್ತರಗಳು. ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಆದರೆ ಆಡಿನೋಡುವ ಮೊದಲು ಅರೇಯನ್ನು ನಿಜವಾಗಿ ನಕಲು ಮಾಡಿ. ಬರೇ ಇನ್ನೊಂದು ವೇರಿಯೇಬಲ್‌ಗೆ ಹಾಕಿದರೆ ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಹೆಸರೂ ಒಂದೇ ಅರೇಗೆ ಅಂಟಿಕೊಂಡು ಅಸಲಿ ಮಣೆಯೇ ಕೆಡುತ್ತದೆ. ಅಂಕ ಸಮವಾದಲ್ಲಿ ಚೀಟಿ ಎತ್ತಿದಂತೆ ಆರಿಸಲಿ.

ಹಂತ 3: ಸರ್ವರಿಗೆ ಜೋಡಣೆ

ಬಾಟನ್ನು ಬ್ರೌಸರ್ ಟ್ಯಾಬಿನಲ್ಲಿ ಓಡಿಸಬೇಡಿ. ಹಿಂದೆ ಸರಿದ ಟ್ಯಾಬಿನ ಟೈಮರುಗಳನ್ನು ಬ್ರೌಸರ್ ನಿಧಾನಗೊಳಿಸುತ್ತದೆ. ಬದಲಿಗೆ ಜಾವಾಸ್ಕ್ರಿಪ್ಟನ್ನು ಬ್ರೌಸರಿನ ಹೊರಗೆ ನಡೆಸುವ ನೋಡ್ (Node.js) ಬಳಸಿ. ಅದರ 22ನೇ ಆವೃತ್ತಿಯಲ್ಲಿ ಸರ್ವರಿನೊಂದಿಗೆ ಸಂಪರ್ಕ ತೆರೆದಿಡುವ ವೆಬ್‌ಸಾಕೆಟ್ ಕ್ಲೈಂಟ್ ಒಳಗೇ ಇದೆ. ಸರ್ವರ್ ಕಳಿಸುವ ಜೇಸನ್ (JSON) ಸಂದೇಶದಲ್ಲಿ ಮಣೆ, ಸರದಿ ಮತ್ತು ನಡೆಯ ಸಂಖ್ಯೆ ಇರಲಿ. ಬಾಟ್ ಅದೇ ಸಂಖ್ಯೆಯೊಂದಿಗೆ ಉತ್ತರಿಸಬೇಕು, ಹಳೆಯ ಸಂಖ್ಯೆಯ ಉತ್ತರವನ್ನು ಸರ್ವರ್ ಕೈಬಿಡಬೇಕು. ಇಲ್ಲದಿದ್ದರೆ ಸಂಪರ್ಕ ತಪ್ಪಿ ಮರಳಿದಾಗ ಒಂದೇ ಸರದಿಗೆ ಎರಡು ನಡೆ ಬೀಳುತ್ತದೆ.

ಉತ್ತರಿಸುವ ಮೊದಲು 700 ಮಿಲಿಸೆಕೆಂಡ್ ತಡೆಯಲಿ, ಎದುರಿನವರಿಗೆ ಕಾಯಿ ಓಡುವುದು ಕಾಣಬೇಕಲ್ಲ. ಹೆಸರಿನಲ್ಲೇ ಬಾಟ್ ಎಂದಿರಲಿ. ಬೇರೆಯವರ ಸರ್ವರಿಗೆ ಅನುಮತಿಯಿಲ್ಲದೆ ಬಿಡಬೇಡಿ.

ಸಿಡಿಲಿಗೆ ಕರೆಂಟು ಹೋಗಿ ಸಂಪರ್ಕ ಕಡಿದರೆ 1, 2, 4, 8 ಸೆಕೆಂಡ್ ಹೀಗೆ ಅಂತರ ಹೆಚ್ಚಿಸುತ್ತ, 30ಕ್ಕೆ ನಿಲ್ಲಿಸಿ ಮರುಪ್ರಯತ್ನಿಸಲಿ. ಪ್ರತಿ ಸಲ ಅರ್ಧ ಸೆಕೆಂಡಿನೊಳಗಿನ ಏರುಪೇರನ್ನೂ ಸೇರಿಸಿ. ಹಲವು ಬಾಟ್‌ಗಳಿದ್ದರೆ ಅವೆಲ್ಲ ಒಂದೇ ಕ್ಷಣ ಸರ್ವರಿನ ಬಾಗಿಲು ತಟ್ಟುವುದು ತಪ್ಪುತ್ತದೆ.